ಎಡಿಎಚ್‌ಡಿ, ನಿದ್ದೆ ಮತ್ತು 9ರಿಂದ ಭಾಗವಾಗುವ ತಪ್ಪುಗಳು

ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಚಡಪಡಿಸುವ ತೊಂದರೆ) ಇರುವವರಿಗೆ "ಬೇಗ ಮಲಗು, ಎಲ್ಲಾ ಸರಿ ಹೋಗುತ್ತೆ" ಅಂತ ಹೇಳುವವರಿಗೇನೂ ಕಮ್ಮಿ ಇಲ್ಲ. ನನಗೂ ಸುಮಾರು ಜನ ಹೇಳಿದ್ದಾರೆ. ಹತ್ತಕ್ಕೆ ಮಲಗಿದರೆ ಆಗುತ್ತಿದ್ದದ್ದು ಇಷ್ಟೇ, ಒಂದೂವರೆವರೆಗೆ ಸೊಳ್ಳೆ ಪರದೆಯೊಳಗೆ ಬಿದ್ದುಕೊಂಡು ಫ್ಯಾನ್ ನೋಡುವುದು. ನಿದ್ದೆ ಬರುವ ಹೊತ್ತು ನಮ್ಮ ಮಾತು ಕೇಳುವುದಿಲ್ಲ. ಏಳುವ ಹೊತ್ತು ಕೇಳುತ್ತದೆ, ಕಷ್ಟಪಟ್ಟಾದರೂ. ನಾನು ನಿದ್ದೆ ಸರಿ ಮಾಡಿಕೊಂಡಿದ್ದು ಬೆಳಗಿನ ಕಡೆಯಿಂದ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್ ಒಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಬಟ್ಟೆ ಅಂಗಡಿ, ಅಕ್ಕಿ ಗಿರಣಿ, ಹಾರ್ಡ್‌ವೇರ್ ಅಂಗಡಿಯವರ ಟ್ಯಾಲಿ ಸಾಫ್ಟ್‌ವೇರ್ ಎಂಟ್ರಿ, ಜಿಎಸ್‌ಟಿ ರಿಟರ್ನ್, ಇಂಥವು. ವಯಸ್ಸು ನಲವತ್ತರ ಹತ್ತಿರ. ಎಡಿಎಚ್‌ಡಿ ಅಂತ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಹನ್ನೆರಡು ವರ್ಷದೊಳಗೇ ಲಕ್ಷಣ ಇರಬೇಕು ಅನ್ನುವ ನಿಯಮ ಇದೆಯಲ್ಲ, ಅದಕ್ಕೆ ಡಾಕ್ಟರು ನನ್ನ ಅಮ್ಮನನ್ನೂ ಕರೆಸಿ ಮಾತಾಡಿದರು. ಅಮ್ಮ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅದು ಬೇರೆ ಕಥೆ.

ಮೊದಲು ರಾತ್ರಿಯ ವಿಷಯ. ಸಂಜೆಯೆಲ್ಲ ನನ್ನ ತಲೆ ಮಂಜು ಕವಿದ ಹಾಗಿರುತ್ತಿತ್ತು. ಹನ್ನೊಂದು ಹೊಡೆಯುತ್ತಿದ್ದಂತೆ ಸ್ವಿಚ್ ಹಾಕಿದಂತೆ ಚುರುಕು. ಬೀರು ಜೋಡಿಸಬೇಕು ಅನ್ನಿಸುವುದು, ಹೊಸ ಎಕ್ಸೆಲ್ ಫಾರ್ಮುಲಾ ಹೊಳೆಯುವುದು, ಎಲ್ಲಾ ಆಗಲೇ. ನಮ್ಮತ್ತೆ ಇದಕ್ಕೆ ಒಂದೇ ಮಾತಲ್ಲಿ ತೀರ್ಪು ಕೊಟ್ಟಿದ್ದರು: "ಏನವ್ವಾ, ರಾತ್ರಿ ಗೂಬೆ, ಬೆಳಿಗ್ಗೆ ಕುಂಭಕರ್ಣ!" ಸೋಮಾರಿತನ, ಮೊಬೈಲ್ ಹುಚ್ಚು ಅಂತ ನಾನೂ ನಂಬಿದ್ದೆ. ಡಾಕ್ಟರು ಹೇಳಿದ್ದು ಬೇರೆ. ಕತ್ತಲಾದ ಮೇಲೆ ಮೆದುಳಿನಲ್ಲಿ ಮೆಲಟೋನಿನ್ ಏರುತ್ತದೆ. "ಇನ್ನು ರಾತ್ರಿ" ಅಂತ ದೇಹಕ್ಕೆ ತಿಳಿಸುವುದೇ ಅದು. ನೆದರ್ಲೆಂಡ್ಸ್‌ನಲ್ಲಿ ಮನೋವೈದ್ಯೆ ಸಾಂದ್ರಾ ಕೋಯ್ ಮತ್ತು ಅವರ ಜೊತೆಯವರು ಎಡಿಎಚ್‌ಡಿ ಇರುವ ದೊಡ್ಡವರಲ್ಲಿ ಇದನ್ನೇ ಅಳೆದು 2010ರಲ್ಲಿ ಪ್ರಕಟಿಸಿದರು. ಮಲಗಿದರೂ ನಿದ್ದೆ ಹತ್ತದವರಲ್ಲಿ ಈ ಏರಿಕೆ ಒಂದು ಗಂಟೆಗಿಂತಲೂ ಜಾಸ್ತಿ ತಡವಾಗಿತ್ತು. ಅಂದರೆ ಗೋಡೆ ಗಡಿಯಾರದಲ್ಲಿ ಹನ್ನೊಂದಾದರೂ ಇವರ ಮೈಗೆ ಇನ್ನೂ ಒಂಬತ್ತೂವರೆ. ಎಡಿಎಚ್‌ಡಿ ಇರುವ ಎಲ್ಲರಿಗೂ ಹೀಗೇ ಅಂತಲ್ಲ, ಆದರೆ ತುಂಬಾ ಜನರಿಗೆ ಇದೆ.

ಇದು ಗೊತ್ತಾದ ಮೇಲೆ ನನಗೆ ಬೈಗುಳಗಳಿಂದ ಸ್ವಲ್ಪ ಬಿಡುಗಡೆ ಸಿಕ್ಕಿತು, ನಿಜ. ಆದರೆ ಬೆಳಿಗ್ಗೆ ಬೇಗ ಎದ್ದು ಡಬ್ಬಿ ಕಟ್ಟಬೇಕು, ಹತ್ತಕ್ಕೆ ಆಫೀಸು. ದೇಹದ ಗಡಿಯಾರ ತಡ ಅಂತ ಲೋಕದ ಗಡಿಯಾರ ಕಾಯುತ್ತದಾ? ದಿನಾ ಐದು ಗಂಟೆ ನಿದ್ದೆ, ಐದೂವರೆ ಗಂಟೆ ನಿದ್ದೆ, ಭಾನುವಾರ ಹತ್ತೂವರೆವರೆಗೆ ಬಿದ್ದುಕೊಳ್ಳುವುದು. ವರ್ಷಗಟ್ಟಲೆ ಹೀಗೇ.

ಈಗ 9ರ ವಿಷಯ. ಲೆಕ್ಕ ಬರೆಯುವವರಿಗೆಲ್ಲ ಗೊತ್ತಿರುವ ಹಳೇ ಉಪಾಯ ಇದು. ಎರಡು ಕಡೆಯ ಮೊತ್ತ ತಾಳೆ ಆಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಬೇಕು. ಶೇಷ ಉಳಿಯದೆ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ ಅಂತ ಅನುಮಾನ ಪಡಬೇಕು. ಬಿಲ್ಲಿನಲ್ಲಿ 7,380 ಇರುತ್ತದೆ, ಟ್ಯಾಲಿಯಲ್ಲಿ 7,830 ಕೂತಿರುತ್ತದೆ. ವ್ಯತ್ಯಾಸ 450, ಅಂದರೆ 9 ಐವತ್ತಲೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ನಮಗೆ ಮಾಲು ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ, ಅದನ್ನು ನಮ್ಮ ಖರೀದಿ ಪುಸ್ತಕದ ಜೊತೆ ಒಂದೊಂದೇ ಬಿಲ್ ತಾಳೆ ನೋಡಬೇಕು, 20ರೊಳಗೆ 3ಬಿ ಅನ್ನುವ ತಿಂಗಳ ರಿಟರ್ನ್ ಕಟ್ಟಬೇಕು. ಈ ಆರು ದಿನದಲ್ಲಿ ನನ್ನ ತಲೆಯ ಹಣೆಬರಹ ಪರದೆಯ ಮೇಲೆ ಬಂದು ಕೂರುತ್ತದೆ.

ಡಾಕ್ಟರು ಎರಡು ವಾರ ನಿದ್ದೆಯ ಡೈರಿ ಬರೆಯಲು ಹೇಳಿದ್ದರು. ನಾನು ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಎಳೆದೆ: ಆ ದಿನದ ತಪ್ಪುಗಳು, ಎಂಥ ತಪ್ಪು ಅಂತ. ಅಂಕಿ ತಿರುಗಿದ್ದು. ಸಾಲು ಬಿಟ್ಟಿದ್ದು. ಐಜಿಎಸ್‌ಟಿ ಮೊತ್ತವನ್ನು ಸಿಜಿಎಸ್‌ಟಿ ಕಾಲಂನಲ್ಲಿ ಹಾಕಿದ್ದು. ಒಂದೇ ಬಿಲ್ ಎರಡು ಸಲ ಹೊಡೆದದ್ದು. ಜೊತೆಗೆ ಬೇರೆ ಬಗೆಯವೂ: ಶುರುವೇ ಮಾಡದ ಕೆಲಸ, ಮಧ್ಯದಲ್ಲಿ ಬಿಟ್ಟು ಇನ್ನೊಂದಕ್ಕೆ ಹಾರಿದ್ದು, ಗಿರಾಕಿಗೆ ವಾಪಸ್ ಫೋನ್ ಮಾಡುತ್ತೇನೆ ಅಂದು ಮರೆತದ್ದು.

ಎರಡು ವಾರ ಅಂತ ಶುರುವಾದದ್ದು ತಿಂಗಳುಗಟ್ಟಲೆ ನಡೆಯಿತು, ಯಾಕೆಂದರೆ ಅದರಲ್ಲಿ ಕಂಡದ್ದು ಕುತೂಹಲದ್ದಾಗಿತ್ತು. ಮೊದಲ ಬಗೆಯ ತಪ್ಪುಗಳು, ಅಂದರೆ ಕಣ್ಣು ನೋಡಿದರೂ ತಲೆ ಓದದ ತಪ್ಪುಗಳು, ನಿದ್ದೆಯ ಜೊತೆ ಏರಿಳಿಯುತ್ತಿದ್ದವು. ಆರು ಗಂಟೆಗಿಂತ ಕಮ್ಮಿ ಮಲಗಿದ ಮಾರನೇ ದಿನ, ಅದರಲ್ಲೂ ಊಟದ ನಂತರ, ಅವುಗಳದ್ದೇ ಜಾತ್ರೆ. ಎರಡನೇ ಬಗೆಯವು ಚೆನ್ನಾಗಿ ಮಲಗಿದರೂ ಇರುತ್ತಿದ್ದವು, ಸ್ವಲ್ಪ ಕಮ್ಮಿಯಾಗಿ. ನಾನು ಇಷ್ಟು ವರ್ಷ ಎಲ್ಲವನ್ನೂ ಒಂದೇ ಖಾತೆಗೆ ಬರೆಯುತ್ತಿದ್ದೆ, ಎಡಿಎಚ್‌ಡಿ ಖಾತೆಗೆ. ಅದರಲ್ಲಿ ಒಂದು ದೊಡ್ಡ ಪಾಲು ನಿದ್ದೆಯ ಬಾಕಿ. ಇದು ನನ್ನೊಬ್ಬಳ ಪುಸ್ತಕದ ಲೆಕ್ಕ, ಸಂಶೋಧನೆಯಲ್ಲ. ನಿಮ್ಮದು ಬೇರೆ ಥರ ಇರಬಹುದು.

ಆದರೆ ಸಂಶೋಧನೆಯೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾನ್ ಡಾಂಗೆನ್, ಡಿಂಜಸ್ ಮತ್ತವರ ತಂಡ ಆರೋಗ್ಯವಂತರನ್ನೇ ಕರೆದು, ಎರಡು ವಾರ ಕೆಲವರಿಗೆ ನಾಲ್ಕು, ಕೆಲವರಿಗೆ ಆರು, ಕೆಲವರಿಗೆ ಎಂಟು ಗಂಟೆ ಮಾತ್ರ ಮಲಗಲು ಬಿಟ್ಟಿತು. ಫಲಿತಾಂಶ 2003ರಲ್ಲಿ ಬಂತು. ಆರು ಗಂಟೆ, ಅದಕ್ಕಿಂತ ಕಮ್ಮಿ ಮಲಗಿದವರ ಗಮನ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗಿ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟ ಮುಟ್ಟಿತ್ತು. ಅದಕ್ಕಿಂತ ನನಗೆ ಚುಚ್ಚಿದ್ದು ಇನ್ನೊಂದು: ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ "ಅಷ್ಟೇನೂ ನಿದ್ದೆ ಬರ್ತಿಲ್ಲ, ಆರಾಮಾಗಿದೀನಿ" ಅನ್ನುವ ಥರ ಉತ್ತರ, ಪರೀಕ್ಷೆಯಲ್ಲಿ ಮಾತ್ರ ಕುಸಿತ. ಎಡಿಎಚ್‌ಡಿ ಇಲ್ಲದವರ ಪಾಡೇ ಇದು. ನಮ್ಮ ಗಮನ ಮೊದಲೇ ಏರುಪೇರು.

ಆ ಅಧ್ಯಯನದ ಒಂದು ಪರೀಕ್ಷೆ ಇದೆ, ಪಿವಿಟಿ ಅಂತ. ಪರದೆಯ ಮೇಲೆ ಗುರುತು ಬಂದ ತಕ್ಷಣ ಒತ್ತಬೇಕು, ಹತ್ತು ನಿಮಿಷ. ಅರ್ಧ ಸೆಕೆಂಡಿಗಿಂತ ತಡವಾದರೆ ಗಮನ ತಪ್ಪಿದ ಲೆಕ್ಕ. ಮೊಬೈಲ್‌ನಲ್ಲೂ ಇಂಥವು ಸಿಗುತ್ತವೆ. ನಾನು ಹಾಕಿಕೊಂಡೆ. ಎಡಿಎಚ್‌ಡಿ ಇರುವವರಿಗೆ ಹತ್ತು ನಿಮಿಷ ಚುಕ್ಕೆ ಕಾಯುತ್ತಾ ಕೂರು ಅನ್ನುವುದು ಶಿಕ್ಷೆ, ಮಾರಾಯ್ರೇ. ತೆಗೆದು ಹಾಕಿದೆ. ನನ್ನ 9ರ ಕಾಲಂ ಸಾಕು.

ಇನ್ನು ಏನು ಮಾಡಿದೆ ಅಂತ.

ಮೊದಲು ಕಾಲು. ಹೌದು, ಕಾಲು. ಡಾಕ್ಟರು ನಿದ್ದೆಯ ಬಗ್ಗೆ ಕೇಳುವಾಗ "ರಾತ್ರಿ ಮಲಗಿದಾಗ ಕಾಲು ಸುಮ್ನೆ ಇಡೋಕಾಗುತ್ತಾ?" ಅಂದರು. ಇದುವರೆಗೆ ಯಾರೂ ಕೇಳಿರಲಿಲ್ಲ. ಮಲಗಿದ ಕೂಡಲೇ ಮೀನಖಂಡದೊಳಗೆ ಏನೋ ಹರಿದಾಡಿದ ಹಾಗೆ, ಕಾಲು ಜಾಡಿಸಿದರೆ ಎರಡು ನಿಮಿಷ ಆರಾಮ, ಮತ್ತೆ ಶುರು. ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಅಂತಾರೆ. ಎಡಿಎಚ್‌ಡಿ ಇರುವವರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ಅಂದಹಾಗೆ 1980ರ ಅಮೆರಿಕನ್ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-3ರಲ್ಲಿ, ನಿದ್ದೆಯಲ್ಲಿ ವಿಪರೀತ ಹೊರಳಾಡುವುದನ್ನು ಎಡಿಎಚ್‌ಡಿಯ ಲಕ್ಷಣಗಳ ಪಟ್ಟಿಯಲ್ಲೇ ಸೇರಿಸಿದ್ದರು. 1987ರ ಪರಿಷ್ಕರಣೆಯಲ್ಲಿ ತೆಗೆದುಬಿಟ್ಟರು. ತೆಗೆಯಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿ ಇದ್ದಿದ್ದರೆ ಯಾರಾದರೂ ಮೊದಲೇ ಕೇಳುತ್ತಿದ್ದರೇನೋ.

ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ ಪರವಾಗಿಲ್ಲ ಅನ್ನುವಷ್ಟಿತ್ತು. ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನಿನ ಅಳತೆ, ತಳ ಕಂಡಿತ್ತು. ಇದನ್ನು ಹೆಣ್ಣುಮಕ್ಕಳು ಮುಖ್ಯವಾಗಿ ಗಮನಿಸಿ: ಹಿಮೋಗ್ಲೋಬಿನ್ ಸರಿ ಇದ್ದರೂ ದೇಹದ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು, ಮುಟ್ಟಿನಲ್ಲಿ ಜಾಸ್ತಿ ಹೋಗುವವರಿಗಂತೂ ಇದು ಮಾಮೂಲು. ಮೆದುಳು ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸಲು ಕಬ್ಬಿಣ ಬೇಕು, ಕಾಲಿನ ತಳಮಳಕ್ಕೂ ಅದಕ್ಕೂ ಸಂಬಂಧ ಇದೆ. ಲ್ಯಾಬ್ ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಇದ್ದರೂ, ರೆಸ್ಟ್‌ಲೆಸ್ ಲೆಗ್ಸ್ ಇದ್ದು ಫೆರಿಟಿನ್ 75ರ ಒಳಗಿದ್ದರೆ ಡಾಕ್ಟರುಗಳು ಕಬ್ಬಿಣ ಕೊಡುವ ಯೋಚನೆ ಮಾಡುತ್ತಾರೆ. ಪರೀಕ್ಷೆ ಮಾಡಿಸದೆ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ತಂದು ನುಂಗಬೇಡಿ, ಜಾಸ್ತಿಯಾದರೂ ತೊಂದರೆಯೇ. ನನಗೆ ಮಾತ್ರೆ ಕೊಟ್ಟರು, ಲಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ, ಅದರ ಆಸುಪಾಸು ಟೀ ಬೇಡ ಅಂದರು. ಕಾಲು ಶಾಂತವಾಗಲು ತಿಂಗಳುಗಳೇ ಹಿಡಿದವು. ಆದರೆ ಆಯಿತು.

ಗೊರಕೆ ಇದೆಯಾ, ಮಧ್ಯೆ ಉಸಿರು ನಿಂತ ಹಾಗಾಗುತ್ತಾ ಅಂತ ನಮ್ಮ ಯಜಮಾನರನ್ನು ಕೇಳಿದರು. ಇಲ್ಲ ಅಂದರು. ಇದ್ದರೆ ಸ್ಲೀಪ್ ಸ್ಟಡಿ, ಅಂದರೆ ಮಲಗಿದಾಗಿನ ಉಸಿರು, ನಿದ್ದೆಯ ಪರೀಕ್ಷೆ, ಮಾಡಿಸಲೇಬೇಕು. ರಾತ್ರಿಯೆಲ್ಲ ಉಸಿರುಗಟ್ಟುವವರ ಹಗಲಿನ ಗಮನಕ್ಕೆ ಎಡಿಎಚ್‌ಡಿ ಮಾತ್ರೆ ಕೊಟ್ಟು ಏನು ಪ್ರಯೋಜನ?

ಆಮೇಲೆ ಬೆಳಗು. ಏಳುವ ಹೊತ್ತು ಆರೂಕಾಲು ಅಂತ ಕಟ್ಟಿದೆ. ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬಂದಿರಲಿ, ಭಾನುವಾರ ಇರಲಿ, ಹಬ್ಬ ಇರಲಿ, ಆರೂಕಾಲು. ಭಾನುವಾರ ಹೆಚ್ಚೆಂದರೆ ಅರ್ಧ ಗಂಟೆ ರಿಯಾಯಿತಿ. ಹತ್ತೂವರೆವರೆಗೆ ಮಲಗಿದರೆ ಭಾನುವಾರ ರಾತ್ರಿಯ ನಿದ್ದೆ ಮತ್ತೆ ಎರಡು ಗಂಟೆಗೆ ಓಡುತ್ತದೆ, ವಾರವಿಡೀ ಎಳೆದದ್ದೆಲ್ಲ ನೀರಲ್ಲಿ ಹೋಮ.

ಎದ್ದರೆ ಸಾಲದು, ಕಣ್ಣಿಗೆ ಬೆಳಕು ಬೀಳಬೇಕು. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ಸಿಗುವುದು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ). ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ಹೊರಗೆ ನಿಂತರೆ, ಮೋಡ ಇದ್ದರೂ, ಸಾವಿರಗಳ ಲೆಕ್ಕ. ಈ ಬೆಳಗಿನ ಬೆಳಕೇ ದೇಹದ ಗಡಿಯಾರವನ್ನು ಮುಂದಕ್ಕೆ ಇಡುವುದು. ಆದರೆ ಎಡಿಎಚ್‌ಡಿ ಇರುವವರಿಗೆ "ದಿನಾ ಬೆಳಿಗ್ಗೆ ಅರ್ಧ ಗಂಟೆ ಸುಮ್ನೆ ಹೊರಗೆ ನಿಲ್ಲು" ಅಂದರೆ ಮೂರನೇ ದಿನಕ್ಕೆ ನಿಂತುಹೋಗುತ್ತದೆ. ಕೆಲಸ ಬೇಕು, ಅದೂ ಯಾರಾದರೂ ನೋಡುವಂಥದ್ದು. ಹಾಗಾಗಿ ಅತ್ತೆಯ ಕೈಯಿಂದ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಕೆಲಸ ಕೇಳಿ ತೆಗೆದುಕೊಂಡೆ. "ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಅಂದರು. ನಂಬಲಿಲ್ಲ. ಮೊದಲ ವಾರ ಒಳಗಿಂದ ಬಗ್ಗಿ ಬಗ್ಗಿ ನೋಡುತ್ತಿದ್ದರು, ಚುಕ್ಕಿ ವಕ್ರ ಆದರೆ ಅಲ್ಲಿಂದಲೇ ಕೂಗುತ್ತಿದ್ದರು. ಅದೇ ನನಗೆ ಬೇಕಾಗಿದ್ದದ್ದು! ಗುಡಿಸಿ, ತೊಳೆದು, ಚುಕ್ಕಿ ಇಟ್ಟು, ಎಳೆ ಎಳೆದು, ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡಿ ಒಳಗೆ ಬರುವಷ್ಟರಲ್ಲಿ ಅರ್ಧ ಗಂಟೆ ಬೆಳಕು ತಾನಾಗೇ ಸಿಕ್ಕಿರುತ್ತದೆ. ಮಳೆಗಾಲದಲ್ಲಿ ರಂಗೋಲಿ ನಿಲ್ಲುವುದಿಲ್ಲ, ಆಗ ಟೆರೇಸಿನ ಶೀಟಿನ ಕೆಳಗೆ ಕೂತು ಸೊಪ್ಪು ಬಿಡಿಸುತ್ತೇನೆ.

ಮಲಗುವ ಹೊತ್ತಿನ ಮಟ್ಟಿಗೆ ಮಾಡಿದ್ದು ಉಲ್ಟಾ ಅನ್ನಿಸಬಹುದು. ಹತ್ತಕ್ಕೆ ಮಲಗುವುದನ್ನು ಬಿಟ್ಟೆ. ಶುರುವಿನಲ್ಲಿ ಹನ್ನೆರಡೂವರೆಗೆ ಮುಂಚೆ ಹಾಸಿಗೆಗೆ ಹೋಗುತ್ತಿರಲಿಲ್ಲ. ಮಲಗಿದ ಕೂಡಲೇ ನಿದ್ದೆ ಹತ್ತುವುದು ರೂಢಿಯಾದ ಮೇಲೆ ಕಾಲು ಕಾಲು ಗಂಟೆ ಹಿಂದಕ್ಕೆ ತಂದೆ. ಈಗ ಹನ್ನೊಂದರ ಆಸುಪಾಸು. ಹತ್ತಕ್ಕೆ ತರುವ ಆಸೆ ಬಿಟ್ಟಿದ್ದೇನೆ, ನನ್ನ ಮೈಗೆ ಅದು ಒಗ್ಗುವುದಿಲ್ಲ. ಮೊದಮೊದಲು ಹಗಲಲ್ಲಿ ತೂಕಡಿಕೆ ಜಾಸ್ತಿಯಾಗುತ್ತದೆ, ಆ ದಿನಗಳಲ್ಲಿ ಸ್ಕೂಟಿ ಓಡಿಸಲಿಲ್ಲ, ಆಟೋದಲ್ಲಿ ಹೋದೆ. ಇದನ್ನು ಡಾಕ್ಟರ ನಿಗಾದಲ್ಲೇ ಮಾಡುವುದು ಒಳ್ಳೆಯದು.

ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಎದ್ದು ಹೊರಗೆ ಬರಬೇಕು ಅನ್ನುವುದು ಇನ್ನೊಂದು ನಿಯಮ. ರಿಚರ್ಡ್ ಬೂಟ್ಜಿನ್ ಅನ್ನುವ ಮನೋವಿಜ್ಞಾನಿ 1972ರಲ್ಲೇ ಹೇಳಿದ ವಿಧಾನ: ಹಾಸಿಗೆ ಅಂದರೆ ನಿದ್ದೆ, ಹೊರಳಾಟ ಅಲ್ಲ, ಅಂತ ಮೈಗೆ ಮತ್ತೆ ಕಲಿಸುವುದು. ಹೇಳುವಷ್ಟು ಸುಲಭ ಅಲ್ಲ, ಸೊಳ್ಳೆ ಪರದೆ ಎತ್ತಿ, ಯಜಮಾನರ ಕಾಲು ತುಳಿಯದೆ ದಾಟಿ ಬರುವುದಿದೆಯಲ್ಲ! ಹೊರಗೆ ಬಂದರೆ ಮೊಬೈಲ್ ಮುಟ್ಟಬಾರದು. ಮತ್ತೆ ಏನು ಮಾಡುವುದು? ಅಡುಗೆಮನೆಯ ಸಣ್ಣ ಬಲ್ಬ್ ಹಾಕಿ ಬೆಳ್ಳುಳ್ಳಿ ಬಿಡಿಸುತ್ತೇನೆ. ಕೈಗೆ ಕೆಲಸ, ತಲೆಗೆ ಬೇಜಾರು. ಅರ್ಧ ಬಟ್ಟಲು ತುಂಬುವುದರೊಳಗೆ ಕಣ್ಣು ಎಳೆಯುತ್ತದೆ. ನಮ್ಮನೆಯಲ್ಲಿ ಒಂದು ಕಾಲದಲ್ಲಿ ಬಿಡಿಸಿದ ಬೆಳ್ಳುಳ್ಳಿಯ ಡಬ್ಬಿಗಳೇ ಫ್ರಿಜ್ಜಿನ ತುಂಬಾ ಇದ್ದವು.

ಮೊಬೈಲಿನ ಬಗ್ಗೆ ಒಂದು ಮಾತು, ಮುಖ್ಯವಾಗಿ ನನ್ನಂಥ ಸಂಸಾರಸ್ಥರಿಗೆ. ಎಲ್ಲರೂ ಮಲಗಿದ ಮೇಲೆ ಸಿಗುವ ಆ ಎರಡು ಗಂಟೆ ದಿನದಲ್ಲಿ ನಮ್ಮದು ಅಂತ ಇರುವ ಒಂದೇ ಹೊತ್ತು. ಅದನ್ನು ಕಿತ್ತುಕೊಂಡರೆ ನಿದ್ದೆ ಬರುವುದಿಲ್ಲ, ಸಿಟ್ಟು ಬರುತ್ತದೆ. "ಒಂಬತ್ತಕ್ಕೆ ಫೋನ್ ಬದಿಗಿಡಿ" ಅನ್ನುವ ಸಲಹೆ ಕೊಡುವವರು ಇದನ್ನು ಯೋಚನೆಯೇ ಮಾಡುವುದಿಲ್ಲ. ನಾನು ಆ ಹೊತ್ತನ್ನು ಜಾಗ ಬದಲಿಸಿದೆ. ಅತ್ತೆಯ ಧಾರಾವಾಹಿಯ ಹೊತ್ತಿಗೆ, ಎಂಟೂವರೆಯಿಂದ, ನಾನು ರೂಮಿನ ಬಾಗಿಲು ಹಾಕಿಕೊಳ್ಳುತ್ತೇನೆ. ಪಾತ್ರೆ ಹಾಗೇ ಇರಲಿ. ಇದಕ್ಕೆ ಮನೆಯವರನ್ನು ಒಪ್ಪಿಸಲು ಪಟ್ಟ ಪಾಡು ನಿದ್ದೆಗೆ ಪಟ್ಟ ಪಾಡಿಗಿಂತ ಜಾಸ್ತಿ.

ಮಾತ್ರೆ. ಎಡಿಎಚ್‌ಡಿಗೆ ನನಗೆ ಕೊಟ್ಟದ್ದು ಮಿಥೈಲ್‌ಫೆನಿಡೇಟ್, ನಿಧಾನಕ್ಕೆ ಬಿಡುಗಡೆಯಾಗುವಂಥದ್ದು. ಎಂಟರಿಂದ ಹನ್ನೆರಡು ಗಂಟೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಏಳಕ್ಕೆ ತೆಗೆದುಕೊಂಡರೆ ಸಂಜೆ ಏಳರ ಹೊತ್ತಿಗೆ ಇಳಿದಿರುತ್ತದೆ, ಮರೆತು ಹನ್ನೊಂದಕ್ಕೆ ನುಂಗಿದರೆ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಇರಬಹುದು. ಅದಕ್ಕೇ ಮಾತ್ರೆಯನ್ನು ರಂಗೋಲಿ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಇದು ಶೆಡ್ಯೂಲ್ ಎಕ್ಸ್, ಅಂದರೆ ಬಿಗಿ ನಿಯಮದ ಪಟ್ಟಿಯಲ್ಲಿರುವ ಔಷಧಿ, ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಎಲ್ಲಾ ಅಂಗಡಿಯಲ್ಲೂ ಸಿಗುವುದಿಲ್ಲ. ಮುಗಿಯುವ ಒಂದು ವಾರ ಮೊದಲೇ ಓಡಾಡಬೇಕು. ಟೀ ಮಧ್ಯಾಹ್ನ ಎರಡಕ್ಕೆ ಕೊನೆ. ಕೆಫೀನ್ ಅರ್ಧ ಇಳಿಯಲು ಸರಾಸರಿ ಐದು ಗಂಟೆ ಬೇಕು. ಆಫೀಸಿನ ಐದು ಗಂಟೆಯ ಟೀ ಬಿಡುವುದು ಮಾತ್ರೆಗಿಂತ ಕಷ್ಟವಾಯಿತು, ಯಾಕೆಂದರೆ ಟೀ ಜೊತೆ ಮಂಡಕ್ಕಿ ಮೆಣಸಿನಕಾಯಿ ಬರುತ್ತದೆ. ಈಗ ಬರೀ ಮಂಡಕ್ಕಿ.

ಮೆಲಟೋನಿನ್ ಮಾತ್ರೆ ಎಲ್ಲರೂ ಕೇಳುತ್ತಾರೆ. ಅಂಗಡಿಯಲ್ಲಿ 3, 5, 10 ಮಿಲಿಗ್ರಾಂ ಸಿಗುತ್ತದೆ. ನೆದರ್ಲೆಂಡ್ಸ್‌ನವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೊಟ್ಟದ್ದು ಬರೀ ಅರ್ಧ ಮಿಲಿಗ್ರಾಂ, ಅದೂ ಮಲಗುವಾಗ ಅಲ್ಲ, ಗಂಟೆಗಳ ಮುಂಚೆ. ಮೂರು ವಾರದಲ್ಲಿ ದೇಹದ ಗಡಿಯಾರ ಸುಮಾರು ಒಂದೂವರೆ ಗಂಟೆ ಮುಂದೆ ಬಂತು, ಎಡಿಎಚ್‌ಡಿ ಲಕ್ಷಣಗಳು ಶೇ. 14ರಷ್ಟು ಕಮ್ಮಿಯಾದವು. ನಿಲ್ಲಿಸಿದ ಎರಡು ವಾರಕ್ಕೆ ಮತ್ತೆ ಮೊದಲಿನ ಜಾಗಕ್ಕೇ ಹೋಯಿತು. ಇದರಿಂದ ನಾನು ಅರ್ಥ ಮಾಡಿಕೊಂಡಿದ್ದು, ಇದು ಮಂಪರು ಬರಿಸುವ ಮಾತ್ರೆ ಅಲ್ಲ, ಮುಳ್ಳು ತಿರುಗಿಸುವ ಮಾತ್ರೆ. ನನಗೂ ಡಾಕ್ಟರು ಸಣ್ಣ ಪ್ರಮಾಣದಲ್ಲಿ ಸ್ವಲ್ಪ ಕಾಲ ಕೊಟ್ಟು ನಿಲ್ಲಿಸಿದರು. ಬೆಳಗಿನ ಕ್ರಮ ಗಟ್ಟಿಯಾಗಿದ್ದರಿಂದ ನಿದ್ದೆ ಮತ್ತೆ ತಡವಾಗಲಿಲ್ಲ ಅಂತ ನನ್ನ ಲೆಕ್ಕ.

ಇಷ್ಟೆಲ್ಲಾ ಮಾಡಿದರೂ ಕೆಟ್ಟ ರಾತ್ರಿಗಳು ಬರುತ್ತವೆ. ಮಗುವಿಗೆ ಜ್ವರ, ಮದುವೆ ಮನೆ, ಏನೋ ಒಂದು. ಅಂಥ ಮಾರನೇ ದಿನ ನಾನು ಎಂಟ್ರಿಗೆ ಕೈ ಹಾಕುವುದಿಲ್ಲ. ಫೋನ್ ಮಾಡುವುದು, ಬಿಲ್ ಸ್ಕ್ಯಾನ್, ಫೈಲ್ ಜೋಡಿಸುವುದು ಇಂಥದ್ದು. ಎಂಟ್ರಿ ಮಾಡಲೇಬೇಕಾದರೆ ಊಟದ ಮುಂಚೆ, ಮತ್ತೆ ಪಕ್ಕದ ಹುಡುಗಿ ಬಿಲ್ ಹಿಡಿದು ಅಂಕಿ ಒಂದೊಂದೇ ಜೋರಾಗಿ ಓದುತ್ತಾಳೆ: ಏಳು, ಮೂರು, ಎಂಟು, ಸೊನ್ನೆ. ಕಿವಿಯಿಂದ ಬಂದ ಅಂಕಿ ಅಷ್ಟು ಸುಲಭವಾಗಿ ತಿರುಗುವುದಿಲ್ಲ. 18ನೇ ತಾರೀಖು ಚೀಲ ತುಂಬಾ ಬಿಲ್ ತಂದು ಸುರಿಯುವ ಗಿರಾಕಿಗಳಿದ್ದಾರೆ, ಅವರಿಗೋಸ್ಕರ ರಾತ್ರಿ ಕೂರುವುದನ್ನು ನಿಲ್ಲಿಸಿದೆ. ನಮ್ಮ ಸರ್‌ಗೆ ನನ್ನ ಡೈರಿಯ ಎರಡು ಕಾಲಂ ತೋರಿಸಿದೆ, ರಾತ್ರಿ ಹನ್ನೊಂದರ ನಂತರ ಹೊಡೆದ ಎಂಟ್ರಿ ತಿದ್ದಲು ಮಾರನೇ ದಿನ ಎಷ್ಟು ಹೊತ್ತು ಹೋಗುತ್ತದೆ ಅಂತ. ಲೆಕ್ಕದವರು, ಲೆಕ್ಕ ತೋರಿಸಿದರೆ ಒಪ್ಪುತ್ತಾರೆ. ಈಗ ಆಫೀಸಿನಲ್ಲಿ ಖರೀದಿ ಬಿಲ್ 10ರೊಳಗೆ ಕೊಡಬೇಕು ಅಂತ ಬೋರ್ಡ್ ಹಾಕಿದ್ದಾರೆ. ಗಿರಾಕಿಗಳು ಅದನ್ನು ಓದುತ್ತಾರೆ, 18ಕ್ಕೇ ತರುತ್ತಾರೆ, ಆದರೆ ಈಗ ಕಾಯುವವರು ಅವರು.

ನಿದ್ದೆಯಿಂದ ಸರಿಹೋಗದ್ದೂ ಇದೆ. ಇಲಾಖೆಯ ನೋಟಿಸಿಗೆ ಉತ್ತರ ಬರೆಯುವ ಕೆಲಸ ಏಳೂವರೆ ಗಂಟೆ ಮಲಗಿ ಎದ್ದರೂ ಮೇಜಿನ ಮೇಲೆ ಹಾಗೇ ಕೂತಿರುತ್ತದೆ. ಶುರು ಮಾಡಲು ಆಗುವುದೇ ಇಲ್ಲ. ಅದಕ್ಕೆ ಮಾತ್ರೆ ಸ್ವಲ್ಪ, ಪಕ್ಕದಲ್ಲಿ ಒಬ್ಬರು ಸುಮ್ನೆ ಕೂತಿರುವುದು ಸ್ವಲ್ಪ ಸಹಾಯ ಮಾಡುತ್ತದೆ. ಗಿರಾಕಿಗೆ ವಾಪಸ್ ಫೋನ್ ಮಾಡುವುದನ್ನು ಈಗಲೂ ಮರೆಯುತ್ತೇನೆ. 9ರಿಂದ ಭಾಗವಾಗುವ ವ್ಯತ್ಯಾಸ ಮಾತ್ರ ಅಪರೂಪ.

ನೀವೂ ಡಾಕ್ಟರ ಹತ್ತಿರ ಹೋಗುವುದಿದ್ದರೆ ಬರಿಗೈಯಲ್ಲಿ ಹೋಗಬೇಡಿ. ಎರಡು ವಾರದ ಹಾಳೆ ತೆಗೆದುಕೊಂಡು ಹೋಗಿ: ಮಲಗಿದ್ದು, ನಿದ್ದೆ ಹತ್ತಿದ್ದು, ಎದ್ದದ್ದು, ಟೀ ಕುಡಿದ ಹೊತ್ತು, ಮಾತ್ರೆ ತೆಗೆದುಕೊಂಡ ಹೊತ್ತು, ಮತ್ತು ನಿಮ್ಮ ಕೆಲಸದಲ್ಲಿ ಎಣಿಸಬಹುದಾದ ಒಂದು ತಪ್ಪು. ಟೀಚರ್ ಆದರೆ ಮಾರ್ಕ್ಸ್ ಕೂಡಿಸುವಾಗಿನ ತಪ್ಪು, ಟೈಲರ್ ಆದರೆ ಬಿಚ್ಚಿ ಹೊಲಿದದ್ದು, ಏನಾದರೂ. ಮರೆಯುತ್ತೀರಿ ಅಂತ ಗೊತ್ತು, ಹಾಳೆಯನ್ನು ಬಚ್ಚಲುಮನೆ ಬಾಗಿಲಿಗೆ ಅಂಟಿಸಿ, ಪೆನ್ನನ್ನು ದಾರದಲ್ಲಿ ಕಟ್ಟಿ. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಆ ಹೊತ್ತಿಗೆ ನೀವಂತೂ ಎದ್ದೇ ಇರುತ್ತೀರಲ್ಲ.